ಮಾಲೂರಿನ ಮನೆ ಮತ್ತು ಒಂದು ಚೊಂಬು ನೀರು

ಬ್ಯಾಗಿನಲ್ಲಿ ಬಾಟಲಿ ತುಂಬ ನೀರಿಟ್ಟುಕೊಂಡು ಕಂಡವರ ಮನೆಯಲ್ಲಿ ನೀರು ಕೇಳುವುದು ನನ್ನ ಕೆಟ್ಟ ಚಾಳಿ. ಬಾಯಾರಿಕೆಗೆ ಕೇಳುವುದಲ್ಲ. ಬ್ಲೌಸಿನ ಅಳತೆ ತೆಗೆಯಲು ಹೋದ ಮನೆಯಾಗಲಿ, ಅರಿಶಿನ ಕುಂಕುಮಕ್ಕೆ ಕರೆದ ಮನೆಯಾಗಲಿ, "ಕಾಫಿ ಮಾಡ್ಲಾ?" ಅಂದರೆ "ಕಾಫಿ ಬೇಡಮ್ಮ, ಒಂದಿಷ್ಟು ನೀರು ಕೊಡಿ" ಅನ್ನುತ್ತೇನೆ. ಅವರು ಒಳಗೆ ಹೋದ ಕೂಡಲೇ ನನ್ನ ಕಿವಿಯೂ ಅವರ ಹಿಂದೆ ಅಡುಗೆಮನೆಗೆ ಹೋಗುತ್ತದೆ. ನಲ್ಲಿ ತಿರುಗಿಸಿದರೋ, ಕ್ಯಾನು ಬಗ್ಗಿಸಿದರೋ, ಬಿಂದಿಗೆಯ ತಳಕ್ಕೆ ಲೋಟ ಬಡಿಯಿತೋ, ಎಲ್ಲ ಕೂತಲ್ಲೇ ಗೊತ್ತಾಗಬೇಕು ನನಗೆ. "ನೀನು ನೀರು ಕುಡಿಯೋಕೆ ಹೋಗ್ತೀಯೋ, ರೈಡ್ ಮಾಡೋಕೆ ಹೋಗ್ತೀಯೋ?" ಅಂತ ನಮ್ಮ ಯಜಮಾನರು ರೇಗಿಸುತ್ತಾರೆ.

ಏನು ಮಾಡಲಿ ಹೇಳಿ, ಹುಟ್ಟಿದ ಊರಿನ ಬುದ್ಧಿ. ಶ್ರೀನಿವಾಸಪುರದ ಆಚೆಗಿನ ನಮ್ಮ ಹಳ್ಳಿಯಲ್ಲಿ ಮಗಳನ್ನು ಬೇರೆ ಊರಿಗೆ ಕೊಡುವ ಮಾತು ಬಂದರೆ, ಜಾತಕ ತೋರಿಸುವುದಕ್ಕೂ ಮುಂಚೆ ಅಪ್ಪನಾದವನು ಒಂದು ದಿನ ಸದ್ದಿಲ್ಲದೆ ಆ ಊರಿಗೆ ಹೋಗಿಬರುತ್ತಿದ್ದ. ಗಂಡಿನ ಮನೆಗಲ್ಲ. ಅದರಿಂದ ಎರಡು ಮೂರು ಮನೆ ಆಚೆ ಯಾವುದಾದರೂ ಜಗುಲಿಯ ಮೇಲೆ ದಾರಿಹೋಕನ ಹಾಗೆ ಕೂತು, "ಅಮ್ಮಾ, ಒಂಚೂರು ನೀರು ಕೊಡ್ತೀರಾ?" ಅನ್ನುತ್ತಿದ್ದ. ಚೊಂಬಿನ ತುಂಬ ತುಳುಕಿಸಿಕೊಂಡು ತಂದರೆ ಆ ಊರಿಗೆ ಹೆಣ್ಣು ಕೊಡಬಹುದು. ಲೋಟದಲ್ಲಿ ತಂದರೆ ಯೋಚನೆ ಮಾಡಬೇಕು. ಗಂಡಿನ ಮನೆಯವರು ಬೇಕಾದರೆ ಪಾನಕವನ್ನೇ ಕುಡಿಸಿಯಾರು, ಅವರಿಗೆ ಹೆಣ್ಣು ಬೇಕು. ಪಕ್ಕದ ಮನೆಯವರಿಗೆ ಸುಳ್ಳು ಹೇಳುವ ಗರಜೇನಿದೆ ಅನ್ನುವುದು ನಮ್ಮ ಹಿರಿಯರ ಲೆಕ್ಕಾಚಾರ.

ಐವತ್ತು ದಾಟಿದ ಮೇಲೆ ನಾನು ಇದೇ ಬುದ್ಧಿಯನ್ನು ಕಟ್ಟಿಕೊಂಡು ಮನೆ ಕೊಳ್ಳಲು ಹೊರಟೆ. ನಗಬೇಡಿ, ಮುಂದೆ ಕೇಳಿ.

ಬೆಂಗಳೂರಿನ ಕೆ.ಆರ್. ಪುರದ ಕಡೆ ಬಾಡಿಗೆ ಮನೆಯಲ್ಲಿ ನಮ್ಮ ಅರ್ಧ ಆಯಸ್ಸು ಕಳೆದಿದೆ. ಯಜಮಾನರಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ, ನನಗೆ ಮನೆಯಲ್ಲೇ ಹೊಲಿಗೆ. ಮಗಳ ಮದುವೆಯೂ ಆ ಮನೆಯಲ್ಲಿದ್ದಾಗಲೇ ಆಯಿತು. ಹೋದ ವರ್ಷ ದೀಪಾವಳಿ ಮುಗಿದ ಮಾರನೆಯ ದಿನ ಓನರ್ ಬಂದು, "ಬಿಲ್ಡಿಂಗ್ ಒಡೆದು ಹೊಸದು ಕಟ್ತಾ ಇದೀವಿ, ಯುಗಾದಿ ಒಳಗೆ ಖಾಲಿ ಮಾಡ್ಬಿಡಿ" ಅಂದರು. ಕೆಟ್ಟ ಮನುಷ್ಯನಲ್ಲ, ಹೋಗುವಾಗ ನಮ್ಮ ಮನೆಯ ಕಜ್ಜಾಯವನ್ನೂ ತಿಂದು ಹೋದರು. ಯಜಮಾನರು ಮಾತ್ರ ಗೋಡೆ ನೋಡುತ್ತ ಕೂತುಬಿಟ್ಟರು. ಆ ಗೋಡೆಗೆ ಒಂದು ಕ್ಯಾಲೆಂಡರಿನ ಮೊಳೆ ಹೊಡೆಯಲಿಕ್ಕೂ ನಾವು ಅಷ್ಟು ವರ್ಷ ಓನರನ್ನು ಕೇಳುತ್ತಿದ್ದೆವು.

"ಸಾಯೋದ್ರೊಳಗೆ ನನ್ನದೇ ಗೋಡೆಗೆ ಒಂದು ಮೊಳೆ ಹೊಡೀಬೇಕು ಕಣೇ" ಅಂದರು. ಅವರು ಹಾಗೆ ಆಸೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ನಮ್ಮ ದುಡ್ಡಿಗೆ ಬೆಂಗಳೂರಿನಲ್ಲಿ ಬಚ್ಚಲುಮನೆಯೂ ಬರುವುದಿಲ್ಲ. ಮಾಲೂರಿನ ಕಡೆ ಎರಡು ರೂಮಿನ ಹೊಸ ಮನೆಯೇ ಬರುತ್ತದೆ ಅಂತ ಪ್ರೆಸ್ಸಿನಲ್ಲಿ ಯಾರೋ ಹೇಳಿದರು. ಬೆಳಿಗ್ಗೆ ಟ್ರೇನು ಹತ್ತಿದರೆ ಒಂದು ನಿದ್ದೆಗೆ ಕೆ.ಆರ್. ಪುರ, ಸಂಜೆ ಇನ್ನೊಂದು ನಿದ್ದೆಗೆ ಮನೆ. ಯಜಮಾನರಿಗೆ ಟ್ರೇನಿನ ಟೈಮೆಲ್ಲ ವಾರದೊಳಗೆ ಬಾಯಿಪಾಠವಾಯಿತು. ನನಗೆ ಮಾತ್ರ ಮಾಲೂರು ಅಂದ ಕೂಡಲೇ ಹಳೆಯ ಕೊಡ ನೆನಪಾಯಿತು. ಮದುವೆಯಾಗಿ ಬೆಂಗಳೂರಿಗೆ ಹೊರಟ ದಿನ, ಇನ್ನು ಮೇಲೆ ಕೊಡ ಹೊರುವ ಪಾಡಿಲ್ಲ ಅಂತ ಒಳಗೊಳಗೇ ಕುಣಿದಿದ್ದವಳು ನಾನು. ವಾಪಸ್ಸು ಅದೇ ಕೋಲಾರದ ಸೀಮೆಗೆ ಹೋಗುವುದೇ? ನನಗೆ ಭಯವಾಯಿತು. ಯಜಮಾನರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಒಂದು ಭಾನುವಾರ ಹೋದೆವು. ಮಾಲೂರಿನಿಂದ ಕೋಲಾರದ ಕಡೆ ಹೋಗುವ ರಸ್ತೆಯಲ್ಲಿ, ಬೀನ್ಸು ಟೊಮೇಟೊ ತೋಟಗಳ ನಡುವೆ, ದೊಡ್ಡ ಕಮಾನು ಕಟ್ಟಿದ ಒಂದು ಲೇಔಟು. ಮನೆ ತೋರಿಸಲು ಬಂದ ಬ್ರೋಕರ್ ರಿಟೈರಾದ ಡ್ರಿಲ್ ಮೇಷ್ಟ್ರು. ಕತ್ತಿನಲ್ಲಿ ಇನ್ನೂ ಸೀಟಿ ಇತ್ತು. "ಬನ್ನಿ ಮೇಡಂ, ಲೆಫ್ಟಲ್ಲಿ ಪಾರ್ಕು, ರೈಟಲ್ಲಿ ದೇವಸ್ಥಾನಕ್ಕೆ ಬಿಟ್ಟಿರೋ ಜಾಗ, ಸ್ಟ್ರೈಟು ನಿಮ್ಮ ಮನೆ" ಅಂತ ನಮ್ಮನ್ನು ಪೆರೇಡ್ ಮಾಡಿಸಿದರು. ಪಾರ್ಕಿನಲ್ಲಿ ಒಂದು ಜಾರುಬಂಡೆ ಇತ್ತು, ಜಾರಲು ಮಕ್ಕಳಿರಲಿಲ್ಲ. ದೇವಸ್ಥಾನದ ಜಾಗದಲ್ಲಿ ಒಂದು ನಾಯಿ ಮಲಗಿತ್ತು. ಸುಮಾರು ನಲವತ್ತು ಮನೆ ಕಟ್ಟಿದ್ದರು, ಎಲ್ಲಕ್ಕೂ ಒಂದೇ ಬಣ್ಣ. ನಾನು ಮನೆ ನೋಡಲಿಲ್ಲ, ಬಟ್ಟೆ ಒಣಹಾಕಿದ ಹಗ್ಗ ನೋಡಿದೆ. ನಲವತ್ತು ಮನೆಗೆ ಮೂರೇ ಮೂರು ಹಗ್ಗದ ಮೇಲೆ ಬಟ್ಟೆಯಿತ್ತು.

"ಮಿಕ್ಕಿದೋರು ಎಲ್ಲಿ ಮೇಷ್ಟ್ರೇ?" ಅಂದೆ.

"ಎಲ್ಲ ಸೋಲ್ಡ್ ಔಟ್ ಮೇಡಂ! ಇನ್ವೆಸ್ಟ್‌ಮೆಂಟಿಗೆ ತಗೊಂಡು ಬೀಗ ಹಾಕಿದಾರೆ. ಬರ್ತಾರೆ, ಒಬ್ಬೊಬ್ಬರೇ ಬರ್ತಾರೆ."

ಮನೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಅಡುಗೆಮನೆಗೆ ಪೂರ್ವದ ಬಿಸಿಲು, ನನ್ನ ಹೊಲಿಗೆ ಮಿಷನ್ನಿಗೆ ಹೇಳಿ ಮಾಡಿಸಿದಂಥ ಕಿಟಕಿ. ಯಜಮಾನರು ಹಾಲ್‌ನ ಗೋಡೆಯನ್ನು ಕೈಯಲ್ಲಿ ಸವರುತ್ತ ನಿಂತಿದ್ದರು. ಮೊಳೆ ಎಲ್ಲಿ ಹೊಡೆಯಲಿ ಅಂತ ನೋಡುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ನಾನು ಮೆಲ್ಲಗೆ ಹೊರಗೆ ಜಾರಿ ಪಕ್ಕದ ಮನೆಯ ಗೇಟು ತಟ್ಟಿದೆ. ಅದು ಬಟ್ಟೆ ಒಣಗುತ್ತಿದ್ದ ಮೂರರಲ್ಲಿ ಒಂದು.

ಇಪ್ಪತ್ತೈದು ವರ್ಷದ ಹುಡುಗಿ ಬಂದಳು, ಸೊಂಟದ ಮೇಲೆ ಎರಡು ವರ್ಷದ ಹೆಣ್ಣುಮಗು. "ಒಂಚೂರು ನೀರು ಕೊಡ್ತೀಯಾಮ್ಮ?" ಅಂದೆ. ಓಡಿದಳು ನೋಡಿ! ಅಷ್ಟೇ ಬೇಗ ಬಂದಳು. ಕೈಯಲ್ಲಿ ಕಂಠಮಟ್ಟ ತುಂಬಿದ ಸ್ಟೀಲಿನ ಚೊಂಬು. ನೀರು ತುಳುಕಿ ಅವಳ ಸೀರೆಯ ನೆರಿಗೆ ನೆನೆದಿತ್ತು.

"ಇಲ್ಲಿ ನೀರು ಹೇಗಮ್ಮ?"

"ಬೇಜಾನ್ ಬರುತ್ತೆ ಅಕ್ಕ. ನೀವು ಧೈರ್ಯವಾಗಿ ಬಂದ್ಬಿಡಿ" ಅಂದಳು. ಹೆಸರು ಮಂಜುಳ ಅಂತೆ, ತವರು ಹೋಳೂರು, ಗಂಡನಿಗೆ ವೇಮಗಲ್‌ನಲ್ಲಿ ಫ್ಯಾಕ್ಟರಿ ಕೆಲಸ. ನನ್ನ ಹಿಂದೆ ಬಂದು ನಿಂತಿದ್ದ ಯಜಮಾನರು ಕಣ್ಣಲ್ಲೇ, "ಆಯ್ತಾ ನಿನ್ನ ರೈಡು?" ಅಂದರು. ಮೇಷ್ಟ್ರು ಸೋಮವಾರ ಬೆಳಿಗ್ಗೆವರೆಗೂ ಟೈಮ್ ಕೊಟ್ಟರು. ಮುಂದಿನ ಸೋಮವಾರ, ಅಂದರೆ ಎಂಟು ದಿನ. ಅಷ್ಟರೊಳಗೆ ಹೂಂ ಅಥವಾ ಊಹೂಂ ಅನ್ನಬೇಕು.

ವಾಪಸ್ಸು ಬರುವಾಗ ಟ್ರೇನಿನಲ್ಲಿ ಯಜಮಾನರು ಖುಷಿಯಾಗಿದ್ದರು, ಕಡಲೆಕಾಯಿ ಕೊಡಿಸಿದರು. ನನಗೆ ಸಿಪ್ಪೆ ಬಿಡಿಸಲು ಕೈ ಬರುತ್ತಿರಲಿಲ್ಲ. ಲೋಟದಲ್ಲಿ ನೀರು ಕೊಟ್ಟಿದ್ದರೆ ಬೇಡ ಅಂದು ನೆಮ್ಮದಿಯಾಗಿ ಇರುತ್ತಿದ್ದೆ. ಚೊಂಬು ತುಂಬ ಕೊಟ್ಟಿದ್ದಕ್ಕೇ ನನಗೆ ಅನುಮಾನ. ಇದು ನಿಮಗೆ ಅರ್ಥವಾಗಬೇಕಾದರೆ ನಮ್ಮಕ್ಕನ ಕಥೆ ಹೇಳಬೇಕು.

ನಮ್ಮಕ್ಕ ರತ್ನಮ್ಮನನ್ನು ಮುಳಬಾಗಿಲ ಕಡೆಯ ಒಂದು ಹಳ್ಳಿಗೆ ಕೇಳಿಕೊಂಡು ಬಂದಾಗ ನಮ್ಮಪ್ಪ ಎಲ್ಲರ ಹಾಗೇ ಹೋಗಿ, ಗಂಡಿನ ಮನೆಯಿಂದ ಎರಡು ಮನೆ ಆಚೆ ನೀರು ಕೇಳಿದರು. ಒಬ್ಬ ವಯಸ್ಸಾದ ಹೆಂಗಸು ತಾಮ್ರದ ಚೊಂಬಿನ ತುಂಬ ನೀರು, ಅಂಗೈಯಲ್ಲಿ ಒಂದು ಚೂರು ಬೆಲ್ಲ ತಂದುಕೊಟ್ಟಳು. ಬಿಸಿಲಲ್ಲಿ ನಡೆದು ಹೋಗಿದ್ದ ಅಪ್ಪ ಅರ್ಧ ಕುಡಿದು, ಮಿಕ್ಕ ಅರ್ಧದಲ್ಲಿ ಮುಖ ತೊಳೆದು, ಕಾಲಿಗೂ ಒಂದಿಷ್ಟು ಹಾಕಿಕೊಂಡು ಬಂದರು. ಮನೆಗೆ ಬಂದವರೇ, "ಆ ಊರಲ್ಲಿ ನೀರಿಗೇನೂ ಬರ ಇಲ್ಲ ಬಿಡೇ, ಕೈಕಾಲು ತೊಳ್ಕೊಳೋಕೂ ಕೊಡ್ತಾರೆ" ಅಂತ ನಮ್ಮಮ್ಮನಿಗೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ.

ಮದುವೆಯಾದ ಮೂರನೇ ದಿನ ಅಕ್ಕನ ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ ಇಟ್ಟು ಅದರ ಮೇಲೆ ಕೊಡ ಇಟ್ಟರು. ಊರಿನ ಬಾವಿ ಬತ್ತಿ ಎಷ್ಟೋ ಕಾಲವಾಗಿತ್ತು. ಹೊಲಗಳ ನಡುವೆ ನಡೆದು ಯಾರದೋ ತೋಟದ ಬಾವಿಯಿಂದ ತರಬೇಕು. ಹೋಗುವಾಗ ಜೊತೆಗೆ ಬಂದವಳು ಆ ಬೆಲ್ಲ ಕೊಟ್ಟ ಅಜ್ಜಿಯೇ. ಅಕ್ಕ ಅಳುತ್ತ, "ಯಾಕಜ್ಜಿ ನಮ್ಮಪ್ಪನಿಗೆ ಚೊಂಬು ತುಂಬ ಕೊಟ್ಟೆ?" ಅಂದಳಂತೆ. "ನೀಳ್ಳು ಕೇಳಿಕೊಂಡು ಬಂದೋರಿಗೆ ಲೇದು ಅನ್ನೋಕಾಗುತ್ತಾ ತಲ್ಲಿ?" ಅಂದಳಂತೆ ಅಜ್ಜಿ, ಅವರ ಕಡೆಯ ತೆಲುಗು ಬೆರೆಸಿ. "ಅವತ್ತು ಮನೇಲಿ ಇದ್ದಿದ್ದೇ ಅಷ್ಟು. ನಿಮ್ಮಪ್ಪ ಕಾಲಿಗೆ ಹಾಕ್ಕೊಂಡಾಗ ನನ್ನ ಜೀವ ಹೋದಂಗಾಯ್ತು."

ಅಪ್ಪನ ತಪ್ಪಿಗೆ ಅಕ್ಕ ಕೊಡ ಹೊತ್ತಳು. ಈಗ ಅವಳ ಮನೆಗೆ ನಲ್ಲಿ ಬಂದಿದೆ, ಆದರೆ ನೆತ್ತಿಯ ಮೇಲೆ ಸಿಂಬೆ ಕೂರುತ್ತಿದ್ದ ಜಾಗದಲ್ಲಿ ಕೂದಲು ಮತ್ತೆ ಬರಲಿಲ್ಲ. ಮದುವೆ ಮನೆಗಳಿಗೆ ಹೋಗುವಾಗ ಅಲ್ಲಿಗೆ ಸರಿಯಾಗಿ ಹೂವು ಮುಡಿದು ಮುಚ್ಚಿಕೊಳ್ಳುತ್ತಾಳೆ. ನಾನು ಚಿಕ್ಕವಳಿದ್ದಾಗ ಅವಳ ಊರಿಗೆ ಬೇಸಿಗೆ ರಜಕ್ಕೆ ಹೋಗಿ, ಎರಡನೇ ದಿನಕ್ಕೇ ಹೊಟ್ಟೆನೋವು ಅಂತ ನಾಟಕ ಮಾಡಿ ವಾಪಸ್ಸು ಓಡಿಬಂದಿದ್ದೆ. ಅಕ್ಕನಿಗೆ ನಾಟಕ ಅಂತ ಗೊತ್ತಿತ್ತು. ಬಸ್ಸು ಹತ್ತಿಸಿ, "ಹೋಗೇ, ನೀನಾದ್ರೂ ನೀರಿರೋ ಕಡೆ ಇರು" ಅಂದಿದ್ದಳು.

ಹಾಗಾಗಿ ಆ ಭಾನುವಾರ ಸಂಜೆಯೇ ಅಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಚೊಂಬು ತುಂಬ ಕೊಟ್ಟಳಾ?" ಅಂದಳು. "ನೋಡೇ, ಭಾನುವಾರ ನೋಡಿದ್ದನ್ನ ನಂಬಬೇಡ. ಬ್ರೋಕರ್ ಜೊತೆ ಹೋದಾಗ ನೋಡಿದ್ದನ್ನೂ ನಂಬಬೇಡ. ವಾರದ ದಿನ ಒಬ್ಬಳೇ ಹೋಗು. ಮನೆ ನೋಡಬೇಡ, ಅವಳ ಬಚ್ಚಲು ನೋಡು."

ಗುರುವಾರ ಯಜಮಾನರಿಗೆ ಹೇಳದೆ ಹೋದೆ. ಮಾಲೂರಿನಲ್ಲಿ ಇಳಿದು ಆಟೋ ಹಿಡಿದೆ. "ಆ ಲೇಔಟಿಗಾ? ಅಲ್ಲಿಂದ ವಾಪಸ್ ಬರೋಕೆ ಗಾಡಿ ಸಿಗಲ್ಲಮ್ಮ, ನಿಮ್ಮ ಕೆಲಸ ಮುಗಿದ ಮೇಲೆ ಫೋನ್ ಮಾಡಿ" ಅಂತ ಆಟೋದವರು ತಮ್ಮ ನಂಬರ್ ಕೊಟ್ಟರು. ಕಮಾನಿನ ಹತ್ತಿರ ಇಳಿದಾಗ ನಾಲ್ಕು ಗಂಟೆ. ಭಾನುವಾರ ಕಾರುಗಳು, ಮೇಷ್ಟ್ರ ಸೀಟಿ, ಮನೆ ನೋಡಲು ಬಂದವರ ಗಲಾಟೆ ಇತ್ತು. ಗುರುವಾರ ಏನೂ ಇರಲಿಲ್ಲ. ಯಾವುದೋ ಖಾಲಿ ಮನೆಯ ಬಾಗಿಲು ಗಾಳಿಗೆ ದಡ್ ಅನ್ನುತ್ತಿತ್ತು, ಸ್ವಲ್ಪ ಬಿಟ್ಟು ಮತ್ತೆ ದಡ್. ಕರ್ಟನ್ನಿಲ್ಲದ ಕಿಟಕಿಗಳ ಮುಂದೆ ನಡೆಯುವಾಗ ಒಳಗಿನಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸಿತು. ಹಗಲು ಹೊತ್ತಿನಲ್ಲಿ, ಐವತ್ತು ದಾಟಿದ ಹೆಂಗಸು, ಟೇಪು ಕತ್ತರಿ ಇಟ್ಟ ಬ್ಯಾಗನ್ನು ಎದೆಗೆ ಅವುಚಿಕೊಂಡು ಹೆಚ್ಚು ಕಡಿಮೆ ಓಡಿದೆ. ಭಾನುವಾರ ಮಲಗಿದ್ದ ನಾಯಿ ಇವತ್ತು ನನ್ನ ಹಿಂದೆಯೇ ಬಂತು.

ಮಂಜುಳ ಬಾಗಿಲು ತೆಗೆಯಲಿಲ್ಲ. ಕಿಟಕಿಯ ಮೂಲೆ ಅಲ್ಲಾಡಿತು. "ಯಾರು?" ಅನ್ನುವ ಧ್ವನಿ ನಡುಗುತ್ತಿತ್ತು.

"ನಾನಮ್ಮ, ಭಾನುವಾರ ನೀರು ಕುಡಿದು ಹೋದೆನಲ್ಲ."

ಮೇಲಿನ ಚಿಲಕ, ಕೆಳಗಿನ ಚಿಲಕ, ಆಮೇಲೆ ಬಾಗಿಲಿಗೆ ಒತ್ತಿಟ್ಟಿದ್ದ ಒಂದು ಕುರ್ಚಿ ಎಳೆದ ಸದ್ದು. ಸಂಜೆ ನಾಲ್ಕು ಗಂಟೆಗೆ! ನನ್ನನ್ನು ನೋಡಿದ್ದೇ ಅವಳ ಕಣ್ಣು ತುಂಬಿತು. ಬಚ್ಚಲು ನೋಡುವ ಅಗತ್ಯವೇ ಬೀಳಲಿಲ್ಲ. ಹಾಲ್‌ನಲ್ಲೇ ಎರಡು ನೀಲಿ ಡ್ರಮ್ಮು, ಸೋಫಾದ ಪಕ್ಕ ಸಾಲಾಗಿ ಬಕೆಟ್ಟು, ಕೊಡ, ಕುಕ್ಕರು, ಬಾಣಲೆ, ಎಲ್ಲದರಲ್ಲೂ ನೀರು ಹಿಡಿದಿಟ್ಟು ತಟ್ಟೆ ಮುಚ್ಚಿದ್ದಳು. ಮಗುವನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿ ಕೂರಿಸಿ ಸ್ನಾನ ಮಾಡಿಸುತ್ತಿದ್ದಳು. ಆ ನೀರು ಚೆಲ್ಲುವುದಕ್ಕಲ್ಲ, ನೆಲ ಒರೆಸುವುದಕ್ಕೆ ಅಂತ ಪಕ್ಕದಲ್ಲಿದ್ದ ಬಟ್ಟೆ ನೋಡಿದರೇ ತಿಳಿಯುತ್ತಿತ್ತು.

ಅವಳು ಚೊಂಬು ತರಲು ಅಡುಗೆಮನೆಗೆ ತಿರುಗಿದಳು. ನಾನು ಕೈ ಹಿಡಿದುಕೊಂಡೆ.

"ಬೇಡ ಕಣಮ್ಮ. ಕೂತ್ಕೋ. ನಿಜ ಹೇಳು."

ಅವಳು ನಿಂತಲ್ಲೇ ಅತ್ತಳು. ಆಮೇಲೆ ಎಲ್ಲ ಹೇಳಿದಳು. ಬೋರಿನಲ್ಲಿ ಮೊದಲು ಬರುತ್ತಿತ್ತಂತೆ, ಈಗ ವಾರಕ್ಕೊಂದು ಸಲ ಬಂದರೆ ಪುಣ್ಯ. ಮಿಕ್ಕಿದ್ದಕ್ಕೆ ಟ್ಯಾಂಕರ್. ಮೂರೇ ಮನೆಗೋಸ್ಕರ ಟ್ಯಾಂಕರಿನವರು ಬರಲು ಒಪ್ಪುವುದಿಲ್ಲ, ಗೋಗರೆಯಬೇಕು. ಆದರೆ ಅವಳ ಅಳು ನೀರಿನದಾಗಿರಲಿಲ್ಲ.

"ನೀರಿಲ್ದಿದ್ರೆ ಹೆಂಗೋ ಆಗುತ್ತೆ ಅಕ್ಕ, ಹೋಳೂರಲ್ಲೂ ನೋಡಿದೀನಿ. ಇವರಿಗೆ ಸೆಕೆಂಡ್ ಶಿಫ್ಟು. ಮಧ್ಯಾಹ್ನ ಕಂಪನಿ ಬಸ್ಸು ಹತ್ತಿದ್ರೆ ಮುಗೀತು. ಆ ಇನ್ನೆರಡು ಮನೆಯೋರು ಆ ಕೊನೇಲಿದಾರೆ, ಕೂಗಿದ್ರೂ ಕೇಳಲ್ಲ. ಹೋದ ತಿಂಗಳು ಯಾರೋ ಬಂದು ಗೇಟು ಅಲ್ಲಾಡಿಸಿದ್ರು. ಪಾಪು ಬಾಯಿ ಮುಚ್ಚಿ ಹಿಡ್ಕೊಂಡು ಮಂಚದ ಕೆಳಗೆ ಕೂತಿದ್ದೆ ಅಕ್ಕ. ಆಮೇಲೆ ಹೋದ್ರು, ಯಾರೋ ಏನೋ. ಮನೆ ಮಾರೋಣ ಅಂದ್ರೆ ತಗೊಳೋರಿಲ್ಲ. ಪಕ್ಕದಲ್ಲಿ ಒಂದು ಲೈಟು ಉರಿದ್ರೆ ಸಾಕು, ನಾನು ಉಳ್ಕೋತೀನಿ. ಅದಕ್ಕೇ ಅವತ್ತು ಸುಳ್ಳು ಹೇಳ್ದೆ. ತಪ್ಪಾಯ್ತು."

ಪಕ್ಕದ ಮನೆಯವರಿಗೆ ಸುಳ್ಳು ಹೇಳುವ ಗರಜೇನಿದೆ ಅಂದಿದ್ದರಲ್ಲ ನಮ್ಮ ಹಿರಿಯರು, ಈ ಹುಡುಗಿಯ ಮುಂದೆ ಕೂತು ನನಗೆ ಅವರ ಮೇಲೆ ಸಿಟ್ಟೇ ಬಂತು. ಮಗುವನ್ನು ಟಬ್ಬಿನಿಂದ ಎತ್ತಿ ಮೈ ಒರೆಸಿದೆ. ಅದು ನನ್ನ ಕೊರಳ ಸರ ಹಿಡಿದುಕೊಂಡು ಬಿಡಲೇ ಇಲ್ಲ.

ಆಟೋ ಬಂದಾಗ ಕತ್ತಲಿಳಿಯುತ್ತಿತ್ತು. ಬೇಡ ಅಂದರೂ ಕಮಾನಿನವರೆಗೆ ಮಗುವನ್ನು ಎತ್ತಿಕೊಂಡು ಬಂದು ಕಳಿಸಿಕೊಟ್ಟಳು. "ನಿಜ ಹೇಳ್ಬಿಟ್ಟೆ. ಇನ್ನು ನೀವು ಬರಲ್ಲ ಅಲ್ವಾ ಅಕ್ಕ?" ಅಂದಳು. "ನೋಡ್ತೀನಮ್ಮ, ಮನೇಲಿ ಮಾತಾಡ್ತೀನಿ" ಅಂದೆ. ಆಟೋ ತಿರುಗಿದಾಗ ಹಿಂದಕ್ಕೆ ನೋಡಿದೆ. ದೀಪವಿಲ್ಲದ ಕಂಬಗಳ ನಡುವೆ ಅವಳು ಬಿರಬಿರನೆ ಹೆಜ್ಜೆ ಹಾಕುತ್ತಿದ್ದಳು. ನಾಯಿ ಅವಳ ಹಿಂದೆ ಹೋಗುತ್ತಿತ್ತು.

ಮನೆಗೆ ಬಂದು ಯಜಮಾನರ ಮುಂದೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಬೇಡ ಬಿಡು" ಅಂದರು. ಅಷ್ಟೇ. ಟ್ರೇನಿನ ಟೈಮು ಬರೆದಿಟ್ಟಿದ್ದ ಚೀಟಿಯನ್ನು ಮಡಚಿ ಕನ್ನಡಕದ ಡಬ್ಬಿಯೊಳಗೆ ಹಾಕಿದರು. ಅದು ಅಲ್ಲೇ ಇದೆ, ನಾನು ಎಸೆದಿಲ್ಲ. ಸೋಮವಾರ ಮೇಷ್ಟ್ರಿಗೆ ಫೋನು ಮಾಡಿ ಊಹೂಂ ಅಂದೆವು. ಯುಗಾದಿಗೆ ಮುಂಚೆ ನಾಲ್ಕು ಬೀದಿ ಆಚೆ ಇನ್ನೊಂದು ಬಾಡಿಗೆ ಮನೆ ಸಿಕ್ಕಿತು, ಎರಡನೇ ಮಹಡಿ. ಇಲ್ಲಿಯೂ ಬೇಸಿಗೆಯಲ್ಲಿ ಟ್ಯಾಂಕರೇ. ಆದರೆ ಸುತ್ತ ಜನ ಇದ್ದಾರೆ, ಮೇಲಿನ ಮನೆಯವರು ಕುಟ್ಟುವ ಸದ್ದು ಕೇಳಿಸುತ್ತದೆ. ಮೊದಲು ಅದಕ್ಕೆ ಜಗಳವಾಡುತ್ತಿದ್ದವಳು ನಾನು, ಈಗ ಸುಮ್ಮನಿರುತ್ತೇನೆ.

ಮಂಜುಳ ನನ್ನ ನಂಬರ್ ಇಟ್ಟುಕೊಂಡಿದ್ದಾಳೆ. ಸಂಜೆ ಹೊತ್ತು ಫೋನು ಮಾಡುತ್ತಾಳೆ. ನೀವು ಯಾಕೆ ಬರಲಿಲ್ಲ ಅಂತ ಒಂದು ದಿನವೂ ಕೇಳಿಲ್ಲ. ಊಟ ಆಯ್ತಾ, ಏನು ಸಾರು, ಅಷ್ಟೇ ಮಾತು. ಮಾತು ಮುಗಿದರೂ ಫೋನು ಇಡುವುದಿಲ್ಲ. ನಾನು ಸ್ಪೀಕರ್ ಹಾಕಿ ಮಿಷನ್ ತುಳಿಯುತ್ತಿರುತ್ತೇನೆ. ಅವಳಿಗೆ ಆ ಸದ್ದು ಕೇಳುತ್ತಿದ್ದರೆ ಸಾಕಂತೆ. ಅವಳು ನಿಜ ಹೇಳಿದ್ದಕ್ಕೆ ನಾನು ಬದುಕಿಕೊಂಡೆ. ಸುಳ್ಳನ್ನೇ ಮುಂದುವರಿಸಿದ್ದರೆ ಇವತ್ತು ಪಕ್ಕದ ಮನೆಯಲ್ಲಿ ಲೈಟು ಹಾಕಿಕೊಂಡು ಇರುತ್ತಿದ್ದೆ, ಅವಳು ಕುರ್ಚಿಯನ್ನು ಬಾಗಿಲಿಗೆ ಒತ್ತುತ್ತಿರಲಿಲ್ಲ. ಹೀಗೆ ಯೋಚಿಸಿದಾಗಲೆಲ್ಲ ಹೊಲಿಗೆ ತಪ್ಪುತ್ತದೆ, ಬಿಚ್ಚಿ ಮತ್ತೆ ಹೊಲಿಯುತ್ತೇನೆ.

ಹೋದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೇ ಅವಳ ಫೋನು ಬಂತು. ಅದು ಅವಳು ಮಾಡುವ ಹೊತ್ತಲ್ಲ. ಹೊಲಿಗೆ ಅರ್ಧಕ್ಕೇ ಬಿಟ್ಟು ಎತ್ತಿಕೊಂಡೆ.

"ಅಕ್ಕ," ಪಿಸುಮಾತಿನಲ್ಲಿ ಹೇಳುತ್ತಿದ್ದಳು, "ಮೇಷ್ಟ್ರು ಗಂಡ ಹೆಂಡ್ತಿನ ಕರ್ಕೊಂಡು ಬಂದಿದಾರೆ. ನಿಮ್ಮ ಮನೇನೇ ನೋಡ್ತಾ ಇದಾರೆ. ಆಯಮ್ಮ ನಮ್ಮ ಗೇಟಲ್ಲಿ ನಿಂತ್ಕೊಂಡು ಇಲ್ಲಿ ನೀರು ಹೇಗೆ ಅಂತ ಕೇಳಿದ್ರು. ಒಲೆ ಮೇಲೆ ಹಾಲಿದೆ ಅಂತ ಒಳಗೆ ಓಡಿಬಂದೆ. ಏನು ಹೇಳ್ಲಿ ಅಕ್ಕ?"

"ಯಾವ ಕಡೆಯೋರು?"

"ದಾವಣಗೆರೆ ಕಡೆಯೋರಂತೆ. ಒಳ್ಳೆಯೋರ ಥರ ಕಾಣ್ತಾರೆ. ಅವರಿಗೂ ನಮ್ಮ ಪಾಪು ವಯಸ್ಸಿನ ಮಗು ಇದೆ ಅಕ್ಕ."

ಫೋನಿನಲ್ಲಿ ನನಗೂ ಕೇಳಿಸುತ್ತಿತ್ತು. ಎಲ್ಲೋ ಅಂಗಳದಲ್ಲಿ ಎರಡು ಮಕ್ಕಳು ನಗುತ್ತಿದ್ದವು. ಆ ದಾವಣಗೆರೆಯ ಹೆಂಗಸಿನ ಮುಖ ನನಗೆ ಗೊತ್ತಿಲ್ಲ. ಅವಳ ನೆತ್ತಿ ಹೇಗಿದೆಯೋ ಗೊತ್ತಿಲ್ಲ. ಬಾಯಿ ಒಣಗಿತ್ತು ನನಗೆ. ಯಜಮಾನರು ಪೇಪರ್ ಕೆಳಗಿಳಿಸಿ ನನ್ನನ್ನೇ ನೋಡುತ್ತಿದ್ದರು.

"ಚೆನ್ನಾಗಿ ಬರುತ್ತೆ ಅನ್ನು, ಮಂಜುಳ" ಅಂದೆ. "ತಡ ಮಾಡಬೇಡ, ಹೋಗು."